ಕೋಲುಮಂಡೆ ಪದವೂ ಕನ್ನಡ ರ‍್ಯಾಪೂ

ರ‍್ಯಾಪ್ ಗಾಯಕ ಚಂದನ್ ಶೆಟ್ಟಿ ಅವರ ‘ಕೋಲುಮಂಡೆ’ ಹಾಡು 2020ರ ಆಗಸ್ಟ್‌ನಲ್ಲಿ, ಗಣೇಶನ ಹಬ್ಬದ ಹೊತ್ತಿಗೆ ಬಿಡುಗಡೆಯಾಯಿತು. ಚಾಮರಾಜನಗರ ಸೀಮೆಯ ದೇವರಗುಡ್ಡರು ಕಂಸಾಳೆ ಎಂಬ ಕಂಚಿನ ವಾದ್ಯ ಹಿಡಿದು ಹಾಡುತ್ತ ಬಂದ ಮಾದಪ್ಪನ, ಅಂದರೆ ಮಲೆಯ ಮಾದೇಶ್ವರನ, ಪದವೇ ಅದರ ಮೂಲ. ಆ ಪದಕ್ಕೆ ರ‍್ಯಾಪ್‌ನ ಬೀಟು ಕೂಡಿ, ಹೊಸ ಸಾಲುಗಳು ಸೇರಿ, ವಿಡಿಯೊ ರೂಪದಲ್ಲಿ ಯೂಟ್ಯೂಬ್‌ಗೆ ಬಂತು. ಬಂದ ಕೆಲವೇ ದಿನಗಳಲ್ಲಿ ಮಾದಪ್ಪನ ಭಕ್ತರು ಆಕ್ಷೇಪ ಎತ್ತಿದರು. ಮಾದಪ್ಪನ ಕಥೆಯಲ್ಲಿ ಬರುವ ಶರಣೆ ಸಂಕಮ್ಮನನ್ನು ವಿಡಿಯೊದಲ್ಲಿ ತೋರಿಸಿದ ರೀತಿ ಅವರಿಗೆ ನೋವು ತಂದಿತ್ತು. ಚಂದನ್ ಶೆಟ್ಟಿ ಬಹಿರಂಗವಾಗಿ ಕ್ಷಮೆ ಕೇಳಿದರು. ವಿಡಿಯೊವನ್ನು ಯೂಟ್ಯೂಬ್‌ನಿಂದ ತೆಗೆಯಲಾಯಿತು. ಜನಪ್ರಿಯ ರ‍್ಯಾಪ್ ಗಾಯಕರೊಬ್ಬರು ಜನಪದ ಮಹಾಕಾವ್ಯವೊಂದರ ಬಾಗಿಲಿಗೆ ಬಂದು ನಿಂತ ಈ ಸಂದರ್ಭ ಕನ್ನಡ ರ‍್ಯಾಪ್‌ನ ಚರಿತ್ರೆಯಲ್ಲಿ ಗಮನಿಸಬೇಕಾದುದು. ಹಾಡುಗಾರನೊಬ್ಬ ಕಲಾವಿದನಾಗಿ ಬೆಳೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಅದು ನೇರವಾಗಿ ಮುಂದಿಡುತ್ತದೆ.

ಹಾಸನ ಜಿಲ್ಲೆಯವರಾದ ಚಂದನ್ ಶೆಟ್ಟಿ ಸಿನಿಮಾ ಸಂಗೀತದ ಮೂಲಕ ಈ ಕ್ಷೇತ್ರಕ್ಕೆ ಬಂದವರು. 2012ರ ‘ಅಲೆಮಾರಿ’ ಚಿತ್ರಕ್ಕೆ ಹಾಡು ಬರೆದರು. ಸಂಗೀತ ನಿರ್ದೇಶಕ ಅರ್ಜುನ್ ಜನ್ಯ ಅವರ ಜೊತೆ ಕೆಲಸ ಮಾಡಿದರು. ಆಮೇಲೆ ಸಿನಿಮಾದ ಹಂಗಿಲ್ಲದೆ ತಮ್ಮದೇ ಹಾಡುಗಳನ್ನು ಹೊರತಂದರು. ‘ಹಾಳಾಗೋದೆ’, ‘3 ಪೆಗ್’, ‘ಚಾಕೊಲೇಟ್ ಗರ್ಲ್’, ‘ಟಕೀಲಾ’ ಆ ಬಗೆಯವು. ಇವುಗಳ ವಸ್ತು ಬಹುಮಟ್ಟಿಗೆ ಗೆಳೆತನ, ಕುಡಿತ, ಪ್ರೇಮ, ಮೋಜು. ಆದರೆ ಇವು ಮಾಡಿದ ಒಂದು ಕೆಲಸ ದೊಡ್ಡದು. ಕನ್ನಡದಲ್ಲಿ ರ‍್ಯಾಪ್ ಎಂಬುದೊಂದು ಇದೆ ಎಂದು ತಿಳಿಯದಿದ್ದ ಹಳ್ಳಿಯ ಹುಡುಗರ ಕಿವಿಗೂ, ಮದುವೆಮನೆಯ ಡಿಜೆಗೂ, ಊರಹಬ್ಬದ ಆರ್ಕೆಸ್ಟ್ರಾಗೂ ಅದು ತಲುಪಿತು. 2018ರ ಜನವರಿಯಲ್ಲಿ ಅವರು ಬಿಗ್ ಬಾಸ್ ಕನ್ನಡದ ಐದನೆಯ ಆವೃತ್ತಿಯನ್ನು ಗೆದ್ದರು. ಚಿತ್ರಗಳಿಗೆ ಸಂಗೀತ ನಿರ್ದೇಶನವನ್ನೂ ಮಾಡತೊಡಗಿದರು. ‘ಪೊಗರು’ ಚಿತ್ರದ ‘ಖರಾಬು’ ಹಾಡು 2020ರಲ್ಲಿ ಬಂದು ನಾಡಿನ ಹೊರಗೂ ಹೆಸರಾಯಿತು. ಅದೇ ವರ್ಷ ‘ಕೋಲುಮಂಡೆ’ ಬಂತು. ಹಾಡು ಬರೆಯುವವ, ಹಾಡುವವ, ರಾಗ ಹಾಕುವವ ಎಂದು ಒಂದೊಂದೇ ಮೆಟ್ಟಿಲು ಏರಿದ ಕಲಾವಿದ, ಪಾರ್ಟಿ ಹಾಡಿನ ವಸ್ತುವನ್ನು ದಾಟಿ ನಾಡಿನ ಹಳೆಯ ಪದವೊಂದಕ್ಕೆ ಕೈಹಾಕಿದ್ದು ಆ ದಾರಿಯ ಸಹಜವಾದ ಮುಂದಿನ ಹೆಜ್ಜೆ. ಆ ಹೆಜ್ಜೆ ಯಾಕೆ ತೊಡರಿತು ಎಂದು ತಿಳಿಯಬೇಕಾದರೆ ರ‍್ಯಾಪ್ ಎಂಬ ಕಲೆಯನ್ನೂ ಮಾದಪ್ಪನ ಕಾವ್ಯವನ್ನೂ ಬಿಡಿಬಿಡಿಯಾಗಿ ನೋಡಬೇಕು.

ರ‍್ಯಾಪ್ ಹುಟ್ಟಿದ್ದು ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯಲ್ಲಿ. 1973ರ ಆಗಸ್ಟ್ 11ರಂದು ಜಮೈಕಾ ಮೂಲದ ಡಿಜೆ ಕೂಲ್ ಹರ್ಕ್ ಅಲ್ಲಿ ನಡೆಸಿಕೊಟ್ಟ ಒಂದು ಕೂಟವನ್ನು ಈ ಕಲೆಯ ಆರಂಭವೆಂದು ಗುರುತಿಸುವುದು ವಾಡಿಕೆ. ಎರಡು ಗ್ರಾಮಫೋನ್ ತಟ್ಟೆಗಳನ್ನು ಬಳಸಿ, ಹಾಡಿನೊಳಗೆ ಡ್ರಮ್ ಮಾತ್ರ ಕೇಳುವ ಚಿಕ್ಕ ಭಾಗವನ್ನು ಅವರು ಮತ್ತೆ ಮತ್ತೆ ನುಡಿಸಿದರು. ಆ ತಾಳದ ಮೇಲೆ ಕುಣಿಯುವವರನ್ನು ಹುರಿದುಂಬಿಸಲು ಆಡಿದ ಮಾತು ಕ್ರಮೇಣ ಪ್ರಾಸಬದ್ಧ ಪದ್ಯವಾಯಿತು. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್‌ನ ‘ರ‍್ಯಾಪರ್ಸ್ ಡಿಲೈಟ್’ ಅದನ್ನು ರೇಡಿಯೊಗೆ ತಂದಿತು. 1982ರಲ್ಲಿ ಗ್ರಾಂಡ್‌ಮಾಸ್ಟರ್ ಫ್ಲಾಶ್ ತಂಡದ ‘ದಿ ಮೆಸೇಜ್’ ಕರಿಯರ ಬಡಾವಣೆಯ ಬವಣೆಯನ್ನು ಹಾಡಾಗಿಸಿತು. ಮೋಜಿನ ಮಾತಾಗಿ ಶುರುವಾದ ಕಲೆ ಹತ್ತು ವರ್ಷ ತುಂಬುವ ಮೊದಲೇ ಬದುಕಿನ ಮಾತಾಯಿತು.

ಭಾರತಕ್ಕೆ ಅದು 1990ರ ದಶಕದ ಆರಂಭದಲ್ಲಿ ಬಂತು. ಬಾಬಾ ಸೆಹಗಲ್ ಅವರ ‘ಥಂಡಾ ಥಂಡಾ ಪಾನಿ’ 1992ರದು. ತಮಿಳಿನ ‘ಕಾದಲನ್’ ಚಿತ್ರದ ‘ಪೇಟ್ಟೈ ರ‍್ಯಾಪ್’ 1994ರದು. ಬೆಂಗಳೂರಿನಲ್ಲಿ ಎರಡು ಹೊಳೆಗಳು ಹರಿದವು. ಒಂದು ಇಂಗ್ಲಿಷಿನದು: ಬ್ರೋಧಾ ವಿ, ಸ್ಮೋಕಿ ಅವರಿದ್ದ ಮಚ್ಚಾಸ್ ವಿತ್ ಆಟಿಟ್ಯೂಡ್ ತಂಡ. ಬ್ರೋಧಾ ವಿ ಅವರ ‘ಆತ್ಮ ರಾಮ’ 2012ರಲ್ಲಿ ರಾಮಭಜನೆಯನ್ನೂ ಇಂಗ್ಲಿಷ್ ರ‍್ಯಾಪನ್ನೂ ಬೆಸೆಯಿತು. ಇನ್ನೊಂದು ಕನ್ನಡದ್ದು: ಆಲ್ ಓಕೆ ಎಂದು ಹೆಸರಾದ ಅಲೋಕ್ ಬಾಬು ಮತ್ತು ರಾಕೇಶ್ ಅಡಿಗ ಅವರ ಅರ್ಬನ್ ಲ್ಯಾಡ್ಸ್ ತಂಡ. ಚಂದನ್ ಶೆಟ್ಟಿ ಈ ಎರಡನೆಯ ಹೊಳೆಯನ್ನು ಊರೂರಿಗೆ ಹರಿಸಿದರು.

ರ‍್ಯಾಪ್‌ನ ಕಟ್ಟಡ ಸರಳವಾದುದು. ಒಂದು ಬಾರ್‌ನಲ್ಲಿ ನಾಲ್ಕು ಬೀಟುಗಳು. ಒಂದೊಂದು ಬೀಟನ್ನೂ ನಾಲ್ಕಾಗಿ ಒಡೆದರೆ ಬಾರ್‌ಗೆ ಹದಿನಾರು ಸ್ಥಾನಗಳು. ಸಾಮಾನ್ಯವಾಗಿ ಹದಿನಾರು ಬಾರ್ ಸೇರಿ ಒಂದು ಚರಣ. ಚರಣಗಳ ನಡುವೆ ಮತ್ತೆ ಮತ್ತೆ ಬರುವ ಪಲ್ಲವಿ. ಹದಿನಾರು ಸ್ಥಾನಗಳಲ್ಲಿ ಎಲ್ಲಿ ಅಕ್ಷರ ಇಡಬೇಕು, ಎಲ್ಲಿ ಖಾಲಿ ಬಿಡಬೇಕು, ಉಸಿರನ್ನು ಎಲ್ಲಿ ಎಳೆದುಕೊಳ್ಳಬೇಕು ಎಂಬ ತೀರ್ಮಾನದಲ್ಲೇ ಹಾಡುಗಾರನ ಕಸುಬು ಇದೆ. ಕನ್ನಡ ಛಂದಸ್ಸಿಗೆ ಈ ಲೆಕ್ಕ ಹೊಸದಲ್ಲ. ನಾಲ್ಕು ಮಾತ್ರೆಯ ನಾಲ್ಕು ಗಣ ಸೇರಿದರೂ ಹದಿನಾರು ಮಾತ್ರೆಯೇ. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಮಾತ್ರಾಗಣದ ಕವಿ ಎಣಿಸುವುದನ್ನು ರ‍್ಯಾಪ್ ಗಾಯಕ ಬಾಯಿಂದ ತೂಗುತ್ತಾನೆ. ಒತ್ತಕ್ಷರಗಳು ಅವನಿಗೆ ಡ್ರಮ್ಮಿನ ಪೆಟ್ಟಿನಂತೆ ಒದಗುತ್ತವೆ.

ಪ್ರಾಸದ ವಿಷಯದಲ್ಲಿ ಕನ್ನಡ ಅನುಕೂಲವನ್ನೂ ತೊಡಕನ್ನೂ ಒಟ್ಟಿಗೆ ಕೊಡುತ್ತದೆ. ಕನ್ನಡದಲ್ಲಿ ವಾಕ್ಯದ ಕೊನೆಗೆ ಕ್ರಿಯಾಪದ ಬರುತ್ತದೆ. ಬರ್ತೀನಿ, ಹೋಗ್ತೀನಿ, ಮಾಡ್ತೀನಿ ಎಂದು ಸಾಲು ಮುಗಿಸಿದರೆ ಅಂತ್ಯಪ್ರಾಸ ತಾನಾಗಿಯೇ ಸಿಗುತ್ತದೆ. ಸುಲಭವಾಗಿ ಸಿಕ್ಕಿದ್ದು ಬೇಗ ಸಪ್ಪೆಯಾಗುತ್ತದೆ. ಬೆಳೆದ ಹಾಡುಗಾರ ಈ ಸುಲಭದ ಪ್ರಾಸವನ್ನು ಬಿಟ್ಟು, ವಾಕ್ಯದ ಪದಗಳನ್ನು ಹಿಂದುಮುಂದು ಮಾಡಿ, ಸಾಲಿನ ನಡುವೆ ಪ್ರಾಸ ಹೆಣೆಯುತ್ತಾನೆ. ಹಳಗನ್ನಡದ ಕವಿಗಳು ಪಾಲಿಸಿದ ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುವ ನಿಯಮ, ಇವತ್ತಿನ ರ‍್ಯಾಪ್‌ಗೂ ಒದಗುವ ಉಪಾಯ. ಹಾಡುಗಾರನ ಬೆಳವಣಿಗೆಯ ಮೊದಲ ಗುರುತು ಇಲ್ಲಿ ಕಾಣುತ್ತದೆ. ಎರಡನೆಯ ಗುರುತು ಇನ್ನೂ ಕಠಿಣವಾದುದು: ಕಥೆಯೊಂದನ್ನು ಕೊನೆತನಕ ಹೊತ್ತು ನಡೆಯುವ ಶಕ್ತಿ. ಅದನ್ನು ಕಲಿಯಲು ಚಾಮರಾಜನಗರದಂಥ ಜಾಗ ಅಪರೂಪ.

ಚಾಮರಾಜನಗರ ಜಿಲ್ಲೆ ಮೈಸೂರಿನಿಂದ ಬೇರೆಯಾದದ್ದು 1997ರಲ್ಲಿ. ಅದಕ್ಕಿಂತ ಎಷ್ಟೋ ಹಿಂದಿನಿಂದ ಈ ಸೀಮೆ ಎರಡು ದೊಡ್ಡ ಮೌಖಿಕ ಕಾವ್ಯಗಳ ನೆಲ. ಒಂದು ಮಂಟೇಸ್ವಾಮಿ ಕಾವ್ಯ. ಅದನ್ನು ಹಾಡುವವರು ನೀಲಗಾರರು. ತಂಬೂರಿ, ಗಗ್ಗರ, ಡಕ್ಕಿ ಅವರ ವಾದ್ಯಗಳು. ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನ ಜಾತ್ರೆ ಅವರ ದೊಡ್ಡ ಕೂಟ. ಇನ್ನೊಂದು ಮಲೆಯ ಮಾದೇಶ್ವರ ಕಾವ್ಯ. ಅದನ್ನು ಹಾಡುವವರು ದೀಕ್ಷೆ ಪಡೆದ ದೇವರಗುಡ್ಡರು. ಅವರ ವಾದ್ಯ ಕಂಸಾಳೆ. ಎಪ್ಪತ್ತೇಳು ಮಲೆಯ ಒಡೆಯ ಎಂದು ಕರೆಸಿಕೊಳ್ಳುವ ಮಾದಪ್ಪನ ಬೆಟ್ಟ ಜಿಲ್ಲೆಯ ಪೂರ್ವದ ಅಂಚಿನಲ್ಲಿದೆ. ಗುಂಡ್ಲುಪೇಟೆ ಇರುವುದು ಬಂಡೀಪುರದ ಕಾಡಿಗೆ ಹೊಂದಿಕೊಂಡು ಪಶ್ಚಿಮದ ಅಂಚಿನಲ್ಲಿ. ನಡುವೆ ಇಷ್ಟು ದೂರವಿದ್ದರೂ ಮಾದಪ್ಪನಿಗೆ ನಡೆದುಕೊಳ್ಳುವ ಒಕ್ಕಲು ಎರಡು ಕಡೆಗೂ ಹಬ್ಬಿದೆ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಪರಸೆ ಹೊರಡುವ ಜನರ ಬಾಯಲ್ಲಿ ‘ಉಘೇ’ ಎಂಬ ಕೂಗು ದಾರಿಯುದ್ದಕ್ಕೂ ಕೇಳುತ್ತದೆ.

ಕಂಸಾಳೆ ಕಂಚಿನ ವಾದ್ಯ. ಬಟ್ಟಲಿನಂಥ ಒಂದು ಭಾಗ ಎಡಗೈಯಲ್ಲಿ. ಚಪ್ಪಟೆ ತಾಳದಂಥ, ದಾರ ಕುಚ್ಚು ಕಟ್ಟಿದ ಇನ್ನೊಂದು ಭಾಗ ಬಲಗೈಯಲ್ಲಿ. ಬೀಸು ಕಂಸಾಳೆಯಲ್ಲಿ ಬಲಗೈಯ ತಾಳವನ್ನು ತಲೆಯ ಮೇಲೆ, ಬೆನ್ನ ಹಿಂದೆ, ಪಕ್ಕಕ್ಕೆ ಬೀಸಿ ತಂದು ಬಟ್ಟಲಿಗೆ ಹೊಡೆಯುತ್ತಾರೆ. ಕೂತು ಕಥೆ ಹೇಳುವಾಗ ಅದೇ ವಾದ್ಯ ಮೆದುವಾಗಿ ಲಯ ಹಿಡಿಯುತ್ತದೆ. ಕಥೆ ಹೇಳುವವ ಮುಂದಾಳು; ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಮುಂದಾಳು ಸ್ವಲ್ಪ ಹೊತ್ತು ಹಾಡುತ್ತಾನೆ, ಸ್ವಲ್ಪ ಹೊತ್ತು ಲಯದ ಮೇಲೆ ಮಾತಾಡುತ್ತಾನೆ, ಮತ್ತೆ ಹಾಡಿಗೆ ಜಾರುತ್ತಾನೆ. ಹಾಡು ಎಲ್ಲಿ ಮುಗಿಯಿತು, ಮಾತು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಲಯಬದ್ಧವಾದ ಮಾತು, ಜೊತೆಗಾರರ ಪಲ್ಲವಿ, ಕೇಳುಗರನ್ನು ನೋಡಿ ಆ ಕ್ಷಣಕ್ಕೆ ಸಾಲು ಕಟ್ಟುವ ಚಾತುರ್ಯ, ಊರಿನ ಹೆಸರು, ಕೂತವರ ಹೆಸರು ಸೇರಿಸಿಕೊಳ್ಳುವ ಆಶುತನ: ರ‍್ಯಾಪ್‌ನ ಲಕ್ಷಣಗಳೆಂದು ಪಟ್ಟಿ ಮಾಡುವ ಇವೆಲ್ಲವೂ ಇಲ್ಲಿವೆ. ಬ್ರಾಂಕ್ಸ್‌ಗೂ ಮಾದಪ್ಪನ ಬೆಟ್ಟಕ್ಕೂ ನಂಟಿಲ್ಲ. ದೊಡ್ಡ ವೇದಿಕೆ ಕೈಗೆ ಸಿಗದ ಜನ ತಮ್ಮ ಮಾತನ್ನು ಸಾವಿರ ಕಿವಿಗಳಿಗೆ ಮುಟ್ಟಿಸಲು ಲಯವನ್ನು ನೆಚ್ಚಿಕೊಂಡದ್ದು ಎರಡು ಕಡೆಯೂ ನಡೆದಿದೆ.

ಮಾದೇಶ್ವರ ಕಾವ್ಯ ಸಾಲು ಸಾಲಾಗಿ ಹರಡಿದೆ. ಒಂದೊಂದು ದೊಡ್ಡ ಪ್ರಸಂಗಕ್ಕೂ ಸಾಲು ಎಂದೇ ಹೆಸರು: ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಸರಗೂರಯ್ಯನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು. ಒಂದು ಸಾಲನ್ನು ರಾತ್ರಿಯಿಡೀ ಹಾಡಬಹುದು. ಪಿ.ಕೆ. ರಾಜಶೇಖರ ಅವರು 1970ರ ದಶಕದಲ್ಲಿ ಈ ಕಾವ್ಯವನ್ನು ಸಂಗ್ರಹಿಸಿ ಅಚ್ಚಿಗೆ ತಂದರು. ಕೆ. ಕೇಶವನ್ ಪ್ರಸಾದ್ ಅವರು ಹೆಬ್ಬಣಿ ಮಾದಯ್ಯ ಮತ್ತು ತಂಡದವರ ಬಾಯಿಂದ ಸಂಗ್ರಹಿಸಿದ ಪಾಠವೂ ಪುಸ್ತಕವಾಗಿದೆ. ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ ಪ್ರಕಟಿಸಿದೆ. ಟೇಪ್‌ರೆಕಾರ್ಡರ್ ಮನೆಮನೆಗೆ ಬಂದ ಕಾಲದಲ್ಲಿ ಮಳವಳ್ಳಿ ಮಹದೇವಸ್ವಾಮಿ ಅವರಂಥ ಗಾಯಕರ ಕ್ಯಾಸೆಟ್ಟುಗಳು ಈ ಕಥೆಗಳನ್ನು ಚಹಾದಂಗಡಿಗೂ ಟ್ರಾಕ್ಟರ್‌ಗೂ ತಲುಪಿಸಿದವು. ಕ್ಯಾಸೆಟ್ಟಿನ ಒಂದು ಬದಿಗೆ ಅರ್ಧ ಗಂಟೆ ಎಂಬ ಮಿತಿಗೆ ರಾತ್ರಿಯ ಕಥೆಯನ್ನು ಹೊಂದಿಸಿಕೊಂಡ ಆ ಗಾಯಕರು ಕಥೆಯ ಎಲುಬನ್ನು ಮುರಿಯಲಿಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದು ಅವರಿಗೆ ಗೊತ್ತಿತ್ತು.

ಕೋಲುಮಂಡೆ ಪದ ಸಂಕಮ್ಮನ ಕಥೆಯ ನಂಟಿನದು. ಸಂಕಮ್ಮ ಕಾಡಿನಲ್ಲಿ ಬಾಳುವ ಹೆಣ್ಣು. ಗಂಡ ನೀಲಯ್ಯ ಜೇನು, ಬೇಟೆಗೆಂದು ದೂರ ಹೊರಡುವಾಗ ಹೆಂಡತಿಯ ಮೇಲೆ ಅನುಮಾನಪಡುತ್ತಾನೆ. ಭಾಷೆ ಕೊಡು ಎಂದು ಪೀಡಿಸುತ್ತಾನೆ. ತಪ್ಪು ಮಾಡದವಳು ಭಾಷೆ ಯಾಕೆ ಕೊಡಬೇಕು ಎಂದು ಸಂಕಮ್ಮ ಒಪ್ಪುವುದಿಲ್ಲ. ಅವನು ಅವಳನ್ನು ಹಿಂಸಿಸಿ, ಕಟ್ಟಿಹಾಕಿ ಹೋಗುತ್ತಾನೆ. ಆಗ ಮಾದಪ್ಪ ಜಂಗಮನ ವೇಷದಲ್ಲಿ ಕ್ವಾರಣ್ಯಕ್ಕೆ, ಅಂದರೆ ಭಿಕ್ಷೆಗೆ, ಅವಳ ಗುಡಿಸಿಲ ಮುಂದೆ ಬಂದು ನಿಲ್ಲುತ್ತಾನೆ, ಕಟ್ಟು ಬಿಡಿಸುತ್ತಾನೆ, ಮಕ್ಕಳ ಫಲ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳು ಅವಳ ಹೊಟ್ಟೆಯಲ್ಲಿ ಹುಟ್ಟುತ್ತಾರೆ. ಗಂಡನ ಅನುಮಾನಕ್ಕೆ ತಲೆಬಾಗದ ಹೆಣ್ಣಿನ ಸ್ವಾಭಿಮಾನ ಈ ಸಾಲಿನ ಜೀವ. ಕೇಳುವ ಹೆಂಗಸರು ಸಂಕಮ್ಮನ ಸಂಕಟದಲ್ಲಿ ತಮ್ಮ ಬಾಳನ್ನು ಕಂಡುಕೊಂಡಿದ್ದಾರೆ. ಶರಣೆ ಎಂಬ ಹೆಸರನ್ನು ಅವಳಿಗೆ ಕೊಟ್ಟದ್ದು ಆ ನೋವಿನ ಗೌರವ.

ಸಿನಿಮಾ ಈ ಪದವನ್ನು ಮೊದಲೇ ಎತ್ತಿಕೊಂಡಿತ್ತು. ಟಿ.ಎಸ್. ನಾಗಾಭರಣ ನಿರ್ದೇಶಿಸಿ 1996ರಲ್ಲಿ ತೆರೆಕಂಡ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ಅದನ್ನು ಹಾಡಿದರು. ಅವರಿಗೆ ರಾಜ್ಯ ಪ್ರಶಸ್ತಿಯೂ ಬಂತು. ಆ ಹಾಡಿನಲ್ಲಿ ಜಂಗಮನೂ ಭಿಕ್ಷೆಯೂ ಕಂಸಾಳೆಯೂ ತಮ್ಮ ಜಾಗದಲ್ಲೇ ಇದ್ದವು. ಕಥೆಗೆ ಸಿನಿಮಾದ ಜಾತ್ರೆ ಸೇರಿತೇ ಹೊರತು ಕಥೆಯ ಭಾವ ಕದಲಲಿಲ್ಲ. ಹಳೆಯ ಮೈಸೂರಿನ ಜನ ಅದನ್ನು ತಮ್ಮದೆಂದೇ ಸ್ವೀಕರಿಸಿದರು. ಹೊಸ ವಾದ್ಯ, ಹೊಸ ಮಾಧ್ಯಮ ಬಂತು ಎಂಬುದಕ್ಕೇ ಭಕ್ತರು ಸಿಟ್ಟಾಗುವವರಲ್ಲ ಎಂಬುದನ್ನು ಇದು ತೋರಿಸುತ್ತದೆ. 2020ರ ಆಕ್ಷೇಪವೂ ಮುಖ್ಯವಾಗಿ ಬೀಟಿನ ಮೇಲಾಗಲೀ ರ‍್ಯಾಪ್‌ನ ಮೇಲಾಗಲೀ ಬಂದದ್ದಲ್ಲ. ಸಂಕಮ್ಮನ ಚಿತ್ರಣದ ಮೇಲೆ ಬಂದದ್ದು. ಪದದ ಸೊಲ್ಲೂ ಮಟ್ಟೂ ಹೊಸ ಹಾಡಿಗೆ ಬಂದವು. ಅವುಗಳ ಬೆನ್ನಿಗಿದ್ದ ಕಥೆ ಅದೇ ಘನತೆಯಿಂದ ಬರಲಿಲ್ಲ. ಕಲಾವಿದ ತಡಮಾಡದೆ ಕ್ಷಮೆ ಕೇಳಿದ್ದು ಮೆಚ್ಚಬೇಕಾದ ನಡೆ. ಜನರ ಪದವನ್ನು ಎತ್ತಿಕೊಂಡವನು ಆ ಜನರಿಗೆ ಉತ್ತರ ಕೊಡಬೇಕಾದವನು ಎಂಬ ಮಾತನ್ನು ಆ ನಡೆ ಒಪ್ಪಿಕೊಂಡಿತು.

ಬೇರೆ ಕಡೆಯ ಕಲಾವಿದರ ದಾರಿಯನ್ನು ಪಕ್ಕದಲ್ಲಿಟ್ಟರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಅರಿವು ಎಂಬ ಹೆಸರಿನ ತಮಿಳು ರ‍್ಯಾಪ್ ಗಾಯಕರು 2019ರಲ್ಲಿ ‘ತೆರುಕ್ಕುರಳ್’ ಎಂಬ ಆಲ್ಬಂ ಮಾಡಿದರು. 2021ರ ‘ಎಂಜಾಯ್ ಎಂಜಾಮಿ’ಯಲ್ಲಿ ತಮ್ಮ ಅಜ್ಜಿಯ ಬಾಯಿಯ ಒಪ್ಪಾರಿ ಎಂಬ ಶೋಕಗೀತೆಯ ಧಾಟಿಯನ್ನೂ, ಶ್ರೀಲಂಕಾದ ಚಹಾ ತೋಟಗಳಲ್ಲಿ ದುಡಿದ ಭೂಮಿಯಿಲ್ಲದ ಜನರ ನೆನಪನ್ನೂ ತಂದರು. ಧಾಟಿಯ ಜೊತೆಗೆ ಅದರ ಕಥೆಯೂ ಬಂದದ್ದರಿಂದ ಆ ಹಾಡಿಗೆ ತೂಕ ಬಂತು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಹುಟ್ಟಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದು, ಬೆಂಗಳೂರಿನಲ್ಲಿ ನೆಲೆ ಕಂಡ ಹನುಮಾನ್‌ಕೈಂಡ್ 2024ರಲ್ಲಿ ‘ಬಿಗ್ ಡಾಗ್ಸ್’ ಹಾಡಿನಿಂದ ಜಗತ್ತಿಗೆ ಪರಿಚಯವಾದರು. 2025ರ ಮಾರ್ಚ್‌ನಲ್ಲಿ ಬಂದ ‘ರನ್ ಇಟ್ ಅಪ್’ನಲ್ಲಿ ಕೇರಳದ ಚೆಂಡೆಯನ್ನೇ ಬೆನ್ನೆಲುಬು ಮಾಡಿಕೊಂಡರು, ಅದೇ ವರ್ಷ ‘ಮಾನ್ಸೂನ್ ಸೀಸನ್’ ಎಂಬ ದೀರ್ಘ ಸಂಕಲನ ಹೊರತಂದರು. ಒಂದು ಹಾಡಿನ ಗೆಲುವನ್ನೇ ಮತ್ತೆ ಮತ್ತೆ ಮಾಡದೆ ಊರಿನ ವಾದ್ಯದ ಕಡೆಗೆ, ಅಲ್ಲಿಂದ ಹಲವು ಹಾಡುಗಳ ಹರಹಿನ ಕಡೆಗೆ ಅವರು ನಡೆದರು. ಅಮೆರಿಕದ ಕೆಂಡ್ರಿಕ್ ಲಾಮಾರ್ 2012ರ ಆಲ್ಬಂನಲ್ಲಿ ತಮ್ಮ ಊರಾದ ಕಾಂಪ್ಟನ್ನಿನ ಹುಡುಗನೊಬ್ಬನ ಕಥೆಯನ್ನು ಹಾಡಿನಿಂದ ಹಾಡಿಗೆ ಬೆಳೆಸಿದರು. 2015ರಲ್ಲಿ ಜಾಝ್ ಕಡೆಗೆ ತಿರುಗಿದರು. 2017ರ ‘ಡ್ಯಾಮ್’ ಆಲ್ಬಂಗೆ ಮರುವರ್ಷ ಪುಲಿಟ್ಜರ್ ಸಂಗೀತ ಪ್ರಶಸ್ತಿ ಬಂತು. ಶಾಸ್ತ್ರೀಯ ಮತ್ತು ಜಾಝ್ ಸಂಗೀತದ ಹೊರಗಿನ ಕೃತಿಯೊಂದಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಈ ಮೂವರಲ್ಲೂ ಸಮಾನವಾದುದು ದೀರ್ಘ ರೂಪದ ಕಡೆಗಿನ ನಡೆ. ಕನ್ನಡ ರ‍್ಯಾಪ್ ಬಹುಮಟ್ಟಿಗೆ ಬಿಡಿ ಹಾಡಿನ ಕಲೆಯಾಗಿಯೇ ಉಳಿದಿದೆ. ಯೂಟ್ಯೂಬ್‌ನಲ್ಲಿ ಮೂರು ನಾಲ್ಕು ನಿಮಿಷದ ಒಂದು ಹಾಡು, ಅದಕ್ಕೊಂದು ವಿಡಿಯೊ. ಕೆಲವು ತಿಂಗಳ ಮೇಲೆ ಇನ್ನೊಂದು. ಹಣ ಹೂಡುವವರಿಗೆ ಇದು ಅನುಕೂಲ. ಕಲಾವಿದನಿಗೆ ಇದರಿಂದ ಹೆಸರು ಬರುತ್ತದೆ, ಹರಹು ಬರುವುದಿಲ್ಲ. ಹತ್ತು ಹಾಡುಗಳು ಒಂದಕ್ಕೊಂದು ಬೆಸೆದುಕೊಂಡು ಒಂದು ಊರಿನ, ಒಂದು ಬಾಳಿನ ಕಥೆ ಹೇಳುವ ಆಲ್ಬಂ ಕನ್ನಡಕ್ಕೆ ಬೇಕಾಗಿದೆ. ಅದರ ಮಾದರಿಯನ್ನು ದೂರ ಹುಡುಕಬೇಕಾಗಿಲ್ಲ. ಮಾದೇಶ್ವರ ಕಾವ್ಯದ ಒಂದೊಂದು ಸಾಲೂ ತನ್ನಷ್ಟಕ್ಕೆ ಪೂರ್ಣ. ಎಲ್ಲ ಸಾಲುಗಳೂ ಸೇರಿ ಒಂದು ಕಾವ್ಯ. ಬಿಡಿಯೂ ಇಡಿಯೂ ಒಟ್ಟಿಗೆ ನಿಲ್ಲುವ ಈ ಕಟ್ಟಡವನ್ನು ಅಕ್ಷರ ಬಾರದ ಗಾಯಕರು ನೆನಪಿನ ಬಲದಿಂದಲೇ ಕಾಪಾಡಿಕೊಂಡು ಬಂದರು.

ಚಾಮರಾಜನಗರ, ಗುಂಡ್ಲುಪೇಟೆಯ ಯುವಕರಿಗೆ ಇನ್ನೊಂದು ಬಂಡವಾಳವಿದೆ: ಅವರ ಮಾತು. ಈ ಸೀಮೆಯ ಆಡುನುಡಿಯಲ್ಲಿ ಹಕಾರ ಉದುರಿ ‘ಹೋಗು’ ‘ಓಗು’ ಆಗುತ್ತದೆ, ‘ಬಿಡು’ ‘ಬುಡು’ ಆಗುತ್ತದೆ, ‘ಬಂದಿದ್ದಾರೆ’ ‘ಬಂದವ್ರೆ’ ಆಗುತ್ತದೆ. ಉಸಿರು ಬೇಡುವ ಹಕಾರ ಹೋದಾಗ ಅಕ್ಷರಗಳು ಒಂದರ ಬೆನ್ನಿಗೆ ಒಂದು ಸಲೀಸಾಗಿ ಓಡುತ್ತವೆ. ಪದ ಚಿಕ್ಕದಾದಾಗ ಅದೇ ಬಾರ್‌ನಲ್ಲಿ ಹೆಚ್ಚು ಅರ್ಥ ಹಿಡಿಸುತ್ತದೆ. ವೇಗದ ರ‍್ಯಾಪ್‌ಗೆ ಇದಕ್ಕಿಂತ ಒಪ್ಪುವ ನುಡಿ ಇನ್ನೊಂದಿಲ್ಲ. ಬೆಂಗಳೂರಿನ ರ‍್ಯಾಪ್ ಭಾಷೆಯನ್ನು ಅನುಕರಿಸುವ ಹುಡುಗ ತನ್ನ ಬಾಯಲ್ಲಿರುವ ಈ ಶಕ್ತಿಯನ್ನು ಪಕ್ಕಕ್ಕಿಡುತ್ತಾನೆ. ವಸ್ತುವಿಗೂ ಕೊರತೆಯಿಲ್ಲ. ಮಳೆ ನಂಬಿದ ಬೇಸಾಯ, ಓಣಂ ಹೊತ್ತಿಗೆ ಗಡಿ ದಾಟಿ ಕೇರಳಕ್ಕೆ ಹೋಗುವ ಗುಂಡ್ಲುಪೇಟೆಯ ಚೆಂಡುಹೂವು, ಕಾಡಂಚಿನ ಹೊಲಕ್ಕೆ ನುಗ್ಗುವ ಆನೆ, ಕೆಲಸ ಹುಡುಕಿ ಊರು ಬಿಡುವ ಯುವಕರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಾಳು ಎಲ್ಲವೂ ಹಾಡಾಗಬಲ್ಲವು.

ಜನಪದವನ್ನು ಬಳಸುವವರು ಕಾನೂನನ್ನೂ ತಿಳಿದಿರಬೇಕು. ಕರ್ತೃ ಯಾರೆಂದು ತಿಳಿಯದ ಹಳೆಯ ಪದಕ್ಕೆ ಕೃತಿಸ್ವಾಮ್ಯ ಇರುವುದಿಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣವೊಂದಕ್ಕೆ 60 ವರ್ಷ ಹಕ್ಕು ಇರುತ್ತದೆ. ಹಾಡಿದ ಕಲಾವಿದನಿಗೆ ತನ್ನ ಪ್ರದರ್ಶನದ ಮೇಲೆ 50 ವರ್ಷ ಹಕ್ಕು ಇರುತ್ತದೆ. 2012ರ ತಿದ್ದುಪಡಿ ಹಾಡುಗಾರನ ಹೆಸರು ಹೇಳಿಸಿಕೊಳ್ಳುವ ನೈತಿಕ ಹಕ್ಕನ್ನೂ ಸೇರಿಸಿತು. ಹಾಗಾಗಿ ದೇವರಗುಡ್ಡರೊಬ್ಬರ ಹಾಡಿನ ತುಣುಕನ್ನು ಬೀಟಿಗೆ ಬಳಸುವಾಗ ಅವರ ಒಪ್ಪಿಗೆ, ಹೆಸರು, ಸಂಭಾವನೆ ಮೂರೂ ಸಲ್ಲಬೇಕು. ಕಾನೂನು ಕೇಳದ ಜಾಗದಲ್ಲೂ ಅವರ ಮುಂದೆ ಕೂತು ಇಡೀ ಸಾಲನ್ನು ಕೇಳಿಸಿಕೊಳ್ಳುವುದು ಕಸುಬಿನ ಧರ್ಮ. ಪಲ್ಲವಿಗೆ ಎರಡು ಸಾಲು ಸಾಕಾದರೂ ಆ ಎರಡು ಸಾಲಿನ ಹಿಂದೆ ಯಾರ ಕಣ್ಣೀರಿದೆ ಎಂದು ತಿಳಿಯಲು ಇಡೀ ರಾತ್ರಿಯ ಕಥೆ ಬೇಕು.

ರ‍್ಯಾಪ್ ಗಾಯಕನ ಬೆಳವಣಿಗೆಯನ್ನು ಈಗ ಕ್ರಮವಾಗಿ ಹೇಳಬಹುದು. ಮೊದಲು ಬೀಟಿನ ಮೇಲೆ ತಪ್ಪದೆ ನಡೆಯುವುದು. ಆಮೇಲೆ ಸುಲಭದ ಪ್ರಾಸ ಬಿಟ್ಟು ತನ್ನ ನುಡಿಯ ಪ್ರಾಸ ಕಂಡುಕೊಳ್ಳುವುದು. ಆಮೇಲೆ ತನ್ನೂರಿನ ಬಾಳನ್ನು ವಸ್ತುವಾಗಿಸುವುದು. ಆಮೇಲೆ ಬಿಡಿ ಹಾಡುಗಳನ್ನು ಒಂದು ಕಥೆಯಾಗಿ ಬೆಸೆಯುವುದು. ಕೊನೆಗೆ ಆ ಕಥೆ ಯಾರದೋ ಅವರಿಗೆ ಉತ್ತರ ಕೊಡುವಂತಾಗುವುದು. ‘ಕೋಲುಮಂಡೆ’ ಕನ್ನಡ ರ‍್ಯಾಪನ್ನು ಈ ಕೊನೆಯ ಮೆಟ್ಟಿಲ ಬಳಿಗೆ ತಂದು ನಿಲ್ಲಿಸಿತು. ಅಲ್ಲಿಂದ ಮುಂದಿನ ಹೆಜ್ಜೆಯನ್ನು ಇಡಬೇಕಾದವರು ಕಂಸಾಳೆಯ ಸದ್ದು ಕೇಳುತ್ತ ಬೆಳೆದ ಈ ಸೀಮೆಯ ಹೊಸ ಹಾಡುಗಾರರು. ಅವರಿಗೆ ಬೇಕಾದ ಪಾಠಶಾಲೆ ಅವರ ಊರುಗಳಲ್ಲೇ ಇದೆ; ಕಲಿಸುವ ಹಿರಿಯರು ಇರುವಾಗಲೇ ಅಲ್ಲಿಗೆ ಹೋಗಿ ಕಲಿಯಬೇಕು.